ಸರ್ಪಸುತ್ತು, ತುಟಿಯ ಗುಳ್ಳೆ ಮತ್ತು ಜೀವಕೋಶಗಳ ಸಂದೇಶ: ಹರ್ಪಿಸ್ ವೈರಸ್ಸನ್ನು ತಡೆಯುವ, ಕೆಲವೊಮ್ಮೆ ಎಬ್ಬಿಸುವ ಅಣುಗಳ ಕುರಿತು

ರುಮಟಾಯ್ಡ್ ಸಂಧಿವಾತಕ್ಕೆ ಕೆಲವು ವರ್ಷಗಳಿಂದ ಟೋಫಾಸಿಟಿನಿಬ್, ಬಾರಿಸಿಟಿನಿಬ್ ಎಂಬ ಮಾತ್ರೆಗಳು ಬಳಕೆಗೆ ಬಂದಿವೆ. ಇವುಗಳನ್ನು ಬರೆದುಕೊಡುವ ಮೊದಲು ವೈದ್ಯರು ರೋಗಿಯನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು, ಹಿಂದೆ ಎಂದಾದರೂ ಸರ್ಪಸುತ್ತು ಆಗಿತ್ತೇ ಎಂಬುದು. ವಯಸ್ಸು ಐವತ್ತು ದಾಟಿದವರಿಗೆ, 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿರುವ ಸರ್ಪಸುತ್ತಿನ ಲಸಿಕೆಯನ್ನು ಹಾಕಿಸಿಕೊಂಡ ಮೇಲೆ ಈ ಮಾತ್ರೆ ಶುರು ಮಾಡೋಣ ಎಂದು ಹೇಳುವ ವೈದ್ಯರೂ ಇದ್ದಾರೆ. ಕೀಲಿನ ಊತಕ್ಕೆ ನುಂಗುವ ಮಾತ್ರೆಗೂ ಸೊಂಟದ ಸುತ್ತ ಏಳುವ ಗುಳ್ಳೆಗಳಿಗೂ ಏನು ಸಂಬಂಧ ಎಂದು ರೋಗಿಗೂ ಮನೆಯವರಿಗೂ ಅನ್ನಿಸುವುದು ಸಹಜ. ಆ ಸಂಬಂಧ ಇರುವುದು ನಮ್ಮ ಜೀವಕೋಶಗಳು ಒಂದಕ್ಕೊಂದು ಕಳುಹಿಸಿಕೊಳ್ಳುವ ಕೆಲವು ಸಣ್ಣ ಪ್ರೋಟೀನುಗಳಲ್ಲಿ. ಆ ಪ್ರೋಟೀನುಗಳು ಯಾವುವು, ಹರ್ಪಿಸ್ ಕುಟುಂಬದ ವೈರಸ್ಸುಗಳ ಮೇಲೆ ಅವು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಮೊದಲಿನಿಂದ ನೋಡೋಣ.

ಒಮ್ಮೆ ಹೊಕ್ಕರೆ ಹೊರಡದ ವೈರಸ್ಸುಗಳು

ಮನುಷ್ಯರಿಗೆ ಸೋಂಕು ತಗುಲಿಸುವ ಹರ್ಪಿಸ್ ವೈರಸ್ಸುಗಳು ಒಟ್ಟು ಒಂಬತ್ತು. ತುಟಿಯಂಚಿನಲ್ಲಿ ಜ್ವರದ ಗುಳ್ಳೆ ಎಬ್ಬಿಸುವುದು ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆ. ಜನನಾಂಗದ ಹುಣ್ಣಿಗೆ ಹೆಚ್ಚಾಗಿ ಕಾರಣವಾಗುವುದು ಅದರ ಎರಡನೇ ಬಗೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬನ್ನೂ ಮುಂದೆ ಅದೇ ದೇಹದಲ್ಲಿ ಸರ್ಪಸುತ್ತನ್ನೂ ತರುವುದು ವ್ಯಾರಿಸೆಲ್ಲಾ ಜೋಸ್ಟರ್. ಎಪ್‌ಸ್ಟೀನ್-ಬಾರ್ ವೈರಸ್ ಮತ್ತು ಸೈಟೊಮೆಗಲೊ ವೈರಸ್ ಎಂಬ ಇನ್ನೆರಡು ನಮ್ಮಲ್ಲಿ ಬಹುತೇಕ ಎಲ್ಲ ವಯಸ್ಕರ ದೇಹದಲ್ಲೂ ಸದ್ದಿಲ್ಲದೆ ಇರುತ್ತವೆ. ಉಳಿದ ನಾಲ್ಕರಲ್ಲಿ ಕಪೋಸಿ ಸಾರ್ಕೋಮ ಎಂಬ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸೂ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಐವತ್ತಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಸುಮಾರು 380 ಕೋಟಿ ಜನರಿಗೆ, ಅಂದರೆ ಶೇಕಡಾ 64ರಷ್ಟು ಮಂದಿಗೆ, ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆಯ ಸೋಂಕಿದೆ. ಹೀಗಾಗಿ ಈ ವಿಷಯ ಯಾರೋ ಕೆಲವರಿಗೆ ಸಂಬಂಧಿಸಿದ್ದಲ್ಲ. ಹರ್ಪಿಸ್ ಎಂಬ ಹೆಸರು ಕೇಳಿದೊಡನೆ ನಾಚಿಕೆಪಡುವ, ರೋಗಿಯನ್ನು ಅನುಮಾನದಿಂದ ನೋಡುವ ಅಭ್ಯಾಸಕ್ಕೆ ಯಾವ ಆಧಾರವೂ ಇಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಈ ಕುಟುಂಬದ ಮುಖ್ಯ ಗುಣವೆಂದರೆ ಸುಪ್ತ ಸ್ಥಿತಿ. ಮೊದಲ ಸೋಂಕು ವಾಸಿಯಾದ ಮೇಲೂ ವೈರಸ್ಸಿನ ಡಿಎನ್‌ಎ ಕೆಲವು ಆಯ್ದ ಜೀವಕೋಶಗಳ ಕೇಂದ್ರದಲ್ಲಿ ಉಳಿದುಕೊಳ್ಳುತ್ತದೆ. ಆಗ ಹೊಸ ವೈರಸ್ ಕಣಗಳು ತಯಾರಾಗುವುದಿಲ್ಲ, ವೈರಸ್ಸಿನ ಹೆಚ್ಚಿನ ವಂಶವಾಹಿಗಳು ನಿಷ್ಕ್ರಿಯವಾಗಿರುತ್ತವೆ. ತುಟಿಯ ಗುಳ್ಳೆಯ ವೈರಸ್ ಚರ್ಮದಿಂದ ನರತಂತುವಿನ ಮೂಲಕ ಮೇಲೇರಿ, ಕೆನ್ನೆಯ ಹಿಂದೆ ತಲೆಬುರುಡೆಯ ತಳದಲ್ಲಿರುವ ಟ್ರೈಜೆಮಿನಲ್ ನರಗಂಟನ್ನು ಸೇರುತ್ತದೆ. ಸೀತಾಳೆ ಸಿಡುಬಿನ ವೈರಸ್ ಬೆನ್ನುಹುರಿಯ ಎರಡೂ ಬದಿಗೆ ಸಾಲಾಗಿರುವ ನರಗಂಟುಗಳಲ್ಲಿ ಉಳಿಯುತ್ತದೆ. ಎಪ್‌ಸ್ಟೀನ್-ಬಾರ್ ಬಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನೂ ಸೈಟೊಮೆಗಲೊ ವೈರಸ್ ಮೂಳೆಮಜ್ಜೆಯಲ್ಲಿ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳನ್ನೂ ಆಶ್ರಯಿಸುತ್ತವೆ.

ಸರ್ಪಸುತ್ತಿನ ಆಕಾರವೇ ಈ ಸುಪ್ತ ಸ್ಥಿತಿಗೆ ಕಣ್ಣಿಗೆ ಕಾಣುವ ಸಾಕ್ಷಿ. ಬೆನ್ನಿನಿಂದ ಹೊರಟ ಗುಳ್ಳೆಗಳ ಪಟ್ಟಿ ಪಕ್ಕೆಯನ್ನು ಬಳಸಿ ಮುಂದೆ ಬಂದು, ಹೊಟ್ಟೆಯ ನಡುಗೆರೆಯ ಬಳಿ ನಿಂತುಬಿಡುತ್ತದೆ. ಹಾವಿನ ತಲೆಯೂ ಬಾಲವೂ ಕೂಡಿದರೆ ಪ್ರಾಣಕ್ಕೆ ಅಪಾಯ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ. ಆದರೆ ಪಟ್ಟಿ ಅರ್ಧಕ್ಕೆ ನಿಲ್ಲುವುದಕ್ಕೆ ಕಾರಣ, ಒಂದೊಂದು ನರಗಂಟಿನಿಂದ ಹೊರಡುವ ನರ ದೇಹದ ಒಂದೇ ಬದಿಯ ಒಂದು ಪಟ್ಟಿಯಷ್ಟು ಚರ್ಮಕ್ಕೆ ಮಾತ್ರ ಹರಡಿರುವುದು. ಎಚ್ಚೆತ್ತ ವೈರಸ್ ಆ ನರದ ಹಾದಿಯಲ್ಲೇ ಚರ್ಮಕ್ಕೆ ಇಳಿಯುತ್ತದೆ. ಅದರ ಗುಳ್ಳೆಗಳು ಆ ನರದ ಸೀಮೆಯನ್ನೇ ಚರ್ಮದ ಮೇಲೆ ಬರೆದು ತೋರಿಸುತ್ತವೆ.

ಹಾಗಾದರೆ ಇಷ್ಟು ವರ್ಷ ಅದನ್ನು ತಡೆದು ಇಟ್ಟಿದ್ದು ಏನು, ಈಗ ಬಿಟ್ಟುಕೊಟ್ಟಿದ್ದು ಏಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರದ ದೊಡ್ಡ ಪಾಲು ಸಂಕೇತ ಅಣುಗಳಲ್ಲಿದೆ.

ಸಂಕೇತ ಅಣು ಎಂದರೇನು

ದೇಹದ ಒಂದು ಕೋಶ ಸ್ರವಿಸಿ, ಮತ್ತೊಂದು ಕೋಶದ ಮೇಲಿನ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು, ಆ ಎರಡನೆಯ ಕೋಶದ ವರ್ತನೆಯನ್ನು ಬದಲಿಸುವ ಸಣ್ಣ ಪ್ರೋಟೀನುಗಳಿಗೆ ಸೈಟೊಕೈನ್ ಎಂದು ಹೆಸರು. ರೋಗನಿರೋಧಕ ವ್ಯವಸ್ಥೆಯ ಸಂಕೇತ ಅಣುಗಳಲ್ಲಿ ಮುಖ್ಯವಾದವು ಇವೇ. ಇವುಗಳಲ್ಲಿ ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್, ಟಿಎನ್‌ಎಫ್ ಎಂಬ ಗುಂಪುಗಳಿವೆ. ವೈರಸ್ಸಿನ ವಿಷಯಕ್ಕೆ ಬಂದರೆ ಇಂಟರ್‌ಫೆರಾನಿನದೇ ಮೊದಲ ಸ್ಥಾನ.

ಅದು ಪತ್ತೆಯಾದ ಪ್ರಯೋಗ ತೀರ ಸರಳವಾದದ್ದು. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜಾನ್ ಲಿಂಡೆನ್‌ಮನ್, ಮರಿ ಬೆಳೆಯುತ್ತಿದ್ದ ಕೋಳಿಮೊಟ್ಟೆಯ ಒಳಪೊರೆಯ ಚೂರುಗಳನ್ನು ದ್ರವದಲ್ಲಿಟ್ಟು, ಅದಕ್ಕೆ ಬಿಸಿ ತಾಗಿಸಿ ಕೊಂದ ಇನ್‌ಫ್ಲುಯೆಂಜಾ ವೈರಸ್ಸನ್ನು ಸೇರಿಸಿದರು. ಕೆಲವು ಗಂಟೆಗಳ ಬಳಿಕ ಆ ದ್ರವವನ್ನು ಬಸಿದು, ಅದರಲ್ಲಿ ಹೊಸ ಪೊರೆಯ ಚೂರುಗಳನ್ನು ನೆನೆಸಿ, ಅವುಗಳ ಮೇಲೆ ಜೀವಂತ ವೈರಸ್ಸನ್ನು ಬಿಟ್ಟರು. ವೈರಸ್ ಬೆಳೆಯಲಿಲ್ಲ. ಎರಡನೆಯ ಪೊರೆ ಹಿಂದೆಂದೂ ವೈರಸ್ಸನ್ನು ಕಂಡಿರಲಿಲ್ಲ. ಆದರೂ ಮೊದಲ ಪೊರೆ ದ್ರವಕ್ಕೆ ಬಿಟ್ಟಿದ್ದ ಯಾವುದೋ ವಸ್ತು ಅದನ್ನು ಮುಂಚಿತವಾಗಿ ಸಜ್ಜುಗೊಳಿಸಿತ್ತು. ಆ ವಸ್ತುವಿಗೆ ಅವರು ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ಇಲ್ಲಿ ಗಮನಿಸಬೇಕಾದ ಅಂಶವನ್ನು ಒಂದು ಹೋಲಿಕೆಯಿಂದ ಹೇಳಬಹುದು. ಸೋಗೆ ಹೊದಿಸಿದ ಮನೆಗಳಿರುವ ಕೇರಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ, ಆ ಮನೆಯವರ ಕೂಗು ಕೇಳಿ ನೆರೆಯವರು ಮೊದಲು ತಮ್ಮ ತಮ್ಮ ಮಾಡಿಗೆ ನೀರು ಹೊಯ್ದುಕೊಳ್ಳುತ್ತಾರೆ. ಉರಿಯುತ್ತಿರುವ ಮನೆ ಉಳಿಯದೆ ಹೋಗಬಹುದು, ಆದರೆ ಕೇರಿ ಉಳಿಯುತ್ತದೆ. ಇಂಟರ್‌ಫೆರಾನ್ ಮಾಡುವ ಕೆಲಸ ಬಹುಮಟ್ಟಿಗೆ ಇದೇ. ಅದು ವೈರಸ್ಸಿಗೆ ತಾಗುವುದೇ ಇಲ್ಲ, ವೈರಸ್ಸನ್ನು ಕೊಲ್ಲುವುದೂ ಇಲ್ಲ. ಸೋಂಕಿನ ಸುತ್ತಲಿನ ಕೋಶಗಳು ವೈರಸ್ ಬರುವ ಮೊದಲೇ ತಮ್ಮ ಒಳಗನ್ನು ಬದಲಿಸಿಕೊಳ್ಳುವಂತೆ ಮಾಡುತ್ತದೆ.

ಇಂಟರ್‌ಫೆರಾನಿನಲ್ಲಿ ಮೂರು ವರ್ಗಗಳಿವೆ. ಮೊದಲ ವರ್ಗದ ಆಲ್ಫಾ ಮತ್ತು ಬೀಟಾಗಳನ್ನು ಹೆಚ್ಚುಕಡಿಮೆ ದೇಹದ ಯಾವ ಕೋಶವಾದರೂ ತಯಾರಿಸಬಲ್ಲದು, ಬಹುತೇಕ ಎಲ್ಲ ಕೋಶಗಳೂ ಅದಕ್ಕೆ ಸ್ಪಂದಿಸಬಲ್ಲವು. ಎರಡನೆಯದಾದ ಗಾಮಾವನ್ನು ಟಿ ಕೋಶ ಮತ್ತು ಎನ್‌ಕೆ ಕೋಶಗಳೆಂಬ ಬಿಳಿ ರಕ್ತಕಣಗಳು ಮುಖ್ಯವಾಗಿ ಸ್ರವಿಸುತ್ತವೆ. 2003ರಲ್ಲಿ ಪತ್ತೆಯಾದ ಮೂರನೆಯದು ಲ್ಯಾಮ್ಡಾ. ಅದರ ಪ್ರಭಾವ ಬಾಯಿ, ಶ್ವಾಸನಾಳ, ಕರುಳು, ಜನನಾಂಗಗಳ ಒಳಪದರದಂಥ ಮೇಲ್ಮೈ ಕೋಶಗಳಿಗೆ ಬಹುಮಟ್ಟಿಗೆ ಸೀಮಿತ.

ವೈರಸ್ ಬಂದಿದೆ ಎಂದು ಕೋಶಕ್ಕೆ ತಿಳಿಯುವ ಬಗೆ

ಸಂದೇಶ ಹೊರಡಬೇಕಾದರೆ ಮೊದಲು ವೈರಸ್ ಬಂದದ್ದು ಕೋಶಕ್ಕೆ ತಿಳಿಯಬೇಕು. ಹರ್ಪಿಸ್ ವೈರಸ್ಸಿನ ವಂಶದ್ರವ್ಯ ಎರಡೆಳೆಯ ಡಿಎನ್‌ಎ, ನಮ್ಮದೂ ಅದೇ. ಹೀಗಿರುವಾಗ ತನ್ನದಾವುದು, ಪರರದಾವುದು ಎಂದು ಕೋಶ ತಿಳಿಯುವ ಒಂದು ದಾರಿ, ಆ ಡಿಎನ್‌ಎ ಇರುವ ಜಾಗ. ನಮ್ಮ ಡಿಎನ್‌ಎಯ ಜಾಗ ಕೋಶಕೇಂದ್ರ. ಮೈಟೊಕಾಂಡ್ರಿಯದ ಒಳಗೂ ಸ್ವಲ್ಪ ಇದೆ. ಕೇಂದ್ರದ ಹೊರಗಿನ ಕೋಶರಸದಲ್ಲಿ ಡಿಎನ್‌ಎ ಕಂಡುಬಂದರೆ ಅದು ಅಪಾಯದ ಲಕ್ಷಣ. ಹರ್ಪಿಸ್ ಕಣಗಳು ಕೋಶಕೇಂದ್ರದತ್ತ ಸಾಗುವಾಗ, ಡಿಎನ್‌ಎಯನ್ನು ಹೊತ್ತ ಅವುಗಳ ಚಿಪ್ಪುಗಳಲ್ಲಿ ಕೆಲವು ನಡುದಾರಿಯಲ್ಲಿ ಒಡೆದು, ಡಿಎನ್‌ಎ ಕೋಶರಸಕ್ಕೆ ಚೆಲ್ಲುತ್ತದೆ. ಅದನ್ನು ಸಿಗ್ಯಾಸ್ ಎಂಬ ಕಿಣ್ವ ಹಿಡಿದುಕೊಂಡು ಒಂದು ಪುಟ್ಟ ರಾಸಾಯನಿಕವನ್ನು ತಯಾರಿಸುತ್ತದೆ. ಆ ರಾಸಾಯನಿಕ ಸ್ಟಿಂಗ್ ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಅಲ್ಲಿಂದ ಟಿಬಿಕೆ1, ಐಆರ್‌ಎಫ್3 ಎಂಬ ಪ್ರೋಟೀನುಗಳ ಮೂಲಕ ಇಂಟರ್‌ಫೆರಾನ್ ಬೀಟಾದ ವಂಶವಾಹಿ ಕೆಲಸ ಆರಂಭಿಸುತ್ತದೆ. ಅಮೆರಿಕದ ಡಲ್ಲಾಸಿನಲ್ಲಿರುವ ಜಿಜಿಯಾನ್ ಚೆನ್ ಅವರ ತಂಡ 2013ರಲ್ಲಿ ಸಿಗ್ಯಾಸ್ ಕಿಣ್ವವನ್ನು ವಿವರಿಸಿದ ಮೇಲೆ ಈ ಸರಣಿ ಪೂರ್ತಿಯಾಗಿ ಅರ್ಥವಾಯಿತು.

ಇದೊಂದೇ ದಾರಿಯಲ್ಲ. ವೈರಸ್ ತನ್ನ ವಂಶವಾಹಿಗಳನ್ನು ಓದಿಸುವಾಗ ಉಪ ಉತ್ಪನ್ನವಾಗಿ ಎರಡೆಳೆಯ ಆರ್‌ಎನ್‌ಎಯೂ ಹುಟ್ಟುತ್ತದೆ. ಅದನ್ನು ಗುರುತಿಸಲು ಟಿಎಲ್‌ಆರ್3 ಎಂಬ ಗ್ರಾಹಕವಿದೆ. ಈ ಹೆಸರನ್ನು ನೆನಪಿಟ್ಟುಕೊಂಡರೆ ಮುಂದೆ ಮೆದುಳಿನ ವಿಷಯ ಬಂದಾಗ ಉಪಯೋಗವಾಗುತ್ತದೆ.

ಸಂದೇಶ ತಲುಪಿದ ಕೋಶದಲ್ಲಿ ಏನಾಗುತ್ತದೆ

ನೆರೆಯ ಕೋಶದ ಮೇಲ್ಮೈಯಲ್ಲಿರುವ ಗ್ರಾಹಕಕ್ಕೆ ಇಂಟರ್‌ಫೆರಾನ್ ಅಂಟಿದ ಕೂಡಲೇ, ಗ್ರಾಹಕದ ಒಳತುದಿಗೆ ಜೋಡಿಸಿಕೊಂಡಿರುವ ಜ್ಯಾಕ್ ಕುಟುಂಬದ ಕಿಣ್ವಗಳು ಸಕ್ರಿಯವಾಗುತ್ತವೆ. ಅವು ಸ್ಟ್ಯಾಟ್ ಎಂಬ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುತ್ತವೆ. ಫಾಸ್ಫೇಟ್ ಪಡೆದ ಸ್ಟ್ಯಾಟ್‌ಗಳು ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗಿ ನೂರಾರು ವಂಶವಾಹಿಗಳನ್ನು ಒಟ್ಟಿಗೆ ಚಾಲೂ ಮಾಡುತ್ತವೆ. ಮೂರೂ ವರ್ಗದ ಇಂಟರ್‌ಫೆರಾನುಗಳ ಗ್ರಾಹಕಗಳು ಬೇರೆ ಬೇರೆಯಾದರೂ ಜ್ಯಾಕ್1 ಎಂಬ ಕಿಣ್ವ ಮೂರಕ್ಕೂ ಬೇಕು.

ಸಂಧಿವಾತದ ಮಾತ್ರೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಟೋಫಾಸಿಟಿನಿಬ್, ಬಾರಿಸಿಟಿನಿಬ್, ಉಪಾಡಸಿಟಿನಿಬ್ ಇವೆಲ್ಲ ಜ್ಯಾಕ್ ಕಿಣ್ವಗಳನ್ನು ತಡೆಯುವ ಔಷಧಗಳು. ಕೀಲಿನೊಳಗೆ ಉರಿಯೂತ ಹೆಚ್ಚಿಸುವ ಹಲವು ಸಂದೇಶಗಳು ಈ ಕಿಣ್ವಗಳ ಮೂಲಕವೇ ಸಾಗುವುದರಿಂದ ಔಷಧ ಫಲಿಸುತ್ತದೆ, ನೋವು ಇಳಿಯುತ್ತದೆ. ಆದರೆ ನರಗಂಟಿನ ಸುತ್ತಲೂ ಚರ್ಮದಲ್ಲೂ ವೈರಸ್ಸನ್ನು ತಡೆದಿಡುವ ಇಂಟರ್‌ಫೆರಾನಿನ ಸಂದೇಶವೂ ಅದೇ ಕಿಣ್ವವನ್ನು ನೆಚ್ಚಿಕೊಂಡಿದೆ. ಆದ್ದರಿಂದ ಈ ಔಷಧ ಸೇವಿಸುವವರಲ್ಲಿ ಸರ್ಪಸುತ್ತಿನ ಸಂಭವ ಹೆಚ್ಚುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್ ರೋಗಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಅನಿಫ್ರೊಲುಮ್ಯಾಬ್ ಎಂಬ ಚುಚ್ಚುಮದ್ದು ಮೊದಲ ವರ್ಗದ ಇಂಟರ್‌ಫೆರಾನಿನ ಗ್ರಾಹಕವನ್ನೇ ಮುಚ್ಚುತ್ತದೆ. ಅದರ ಪರೀಕ್ಷೆಗಳಲ್ಲೂ ಔಷಧ ಪಡೆದವರಲ್ಲಿ ಸರ್ಪಸುತ್ತು ಹೆಚ್ಚಾಗಿ ಕಾಣಿಸಿಕೊಂಡಿತು. ಥಾಯ್ಲೆಂಡ್ ಮತ್ತು ತೈವಾನ್‌ಗಳಲ್ಲಿ ಕೆಲವು ವಯಸ್ಕರ ದೇಹ ತನ್ನದೇ ಇಂಟರ್‌ಫೆರಾನ್ ಗಾಮಾದ ವಿರುದ್ಧ ಪ್ರತಿಕಾಯ ತಯಾರಿಸಿಕೊಳ್ಳುವುದು ಪತ್ತೆಯಾಗಿದೆ. ಅಂಥವರಲ್ಲೂ ಸರ್ಪಸುತ್ತು ಸಾಮಾನ್ಯ. ಮೂರೂ ಬೇರೆ ಬೇರೆ ಸಂದರ್ಭಗಳು, ಆದರೆ ತೋರಿಸುವುದು ಒಂದೇ ಸಂಗತಿಯನ್ನು. ಇದನ್ನು ಓದಿ ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಅಪಾಯ ತಿಳಿದಿರುವುದರಿಂದಲೇ ಲಸಿಕೆ, ಮುನ್ನೆಚ್ಚರಿಕೆಗಳ ವ್ಯವಸ್ಥೆ ಇದೆ, ಮತ್ತು ಅದನ್ನು ವೈದ್ಯರೊಡನೆ ಕೂತು ತೀರ್ಮಾನಿಸುವುದು ಸರಿಯಾದ ದಾರಿ.

ಚಾಲೂ ಆದ ನೂರಾರು ವಂಶವಾಹಿಗಳ ಪೈಕಿ ಕೆಲವು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬಹುದು. ಪಿಕೆಆರ್ ಎಂಬ ಪ್ರೋಟೀನು ವೈರಸ್ಸಿನ ಆರ್‌ಎನ್‌ಎ ಕಂಡೊಡನೆ ಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ಕೋಶ ತಾನೂ ಸೊರಗುತ್ತದೆ, ವೈರಸ್ಸಿಗೂ ಬೆಳೆಯಲು ಏನೂ ಸಿಗುವುದಿಲ್ಲ. ಎಂಎಕ್ಸ್‌ಬಿ ಎಂಬುದು ಹರ್ಪಿಸ್ ವೈರಸ್ಸಿನ ಚಿಪ್ಪಿಗೇ ಅಡ್ಡಬಂದು, ಡಿಎನ್‌ಎ ಕೋಶಕೇಂದ್ರಕ್ಕೆ ಸೇರದಂತೆ ನೋಡಿಕೊಳ್ಳುತ್ತದೆ. ಇದು ತಿಳಿದದ್ದು 2018ರ ಸುಮಾರಿಗೆ, ತೀರ ಈಚೆಗೆ. ಇಂಟರ್‌ಫೆರಾನ್ ಗಾಮಾದಿಂದ ಹುಟ್ಟುವ ಐಡಿಒ ಎಂಬ ಕಿಣ್ವದ ಕೆಲಸ ಇನ್ನೂ ಕುತೂಹಲಕರ. ಅದು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಒಡೆದು ಖಾಲಿ ಮಾಡುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಗಳಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ ಮತ್ತು ಸೈಟೊಮೆಗಲೊ ವೈರಸ್ ಇದರಿಂದ ಬೆಳವಣಿಗೆ ನಿಲ್ಲಿಸುತ್ತವೆ. ಟ್ರಿಪ್ಟೊಫ್ಯಾನನ್ನು ಮತ್ತೆ ಸೇರಿಸಿದರೆ ಪುನಃ ಬೆಳೆಯುತ್ತವೆ.

ಕೋಶಕೇಂದ್ರದೊಳಗೂ ಒಂದು ತಡೆಯಿದೆ. ಅಲ್ಲಿ ಪಿಎಂಎಲ್ ಕಾಯಗಳೆಂಬ ಪುಟ್ಟ ಚುಕ್ಕೆಗಳಿರುತ್ತವೆ. ಇಂಟರ್‌ಫೆರಾನ್ ಸಿಕ್ಕಾಗ ಅವುಗಳ ಗಾತ್ರವೂ ಸಂಖ್ಯೆಯೂ ಹೆಚ್ಚುತ್ತವೆ. ವೈರಸ್ಸಿನ ಡಿಎನ್‌ಎ ಒಳಬಂದೊಡನೆ ಈ ಕಾಯಗಳ ಪ್ರೋಟೀನುಗಳು ಅದರ ಬಳಿ ಕೂಡಿಕೊಂಡು, ಅದನ್ನು ಬಿಗಿಯಾಗಿ ಸುತ್ತಿ, ಅದರ ವಂಶವಾಹಿಗಳು ಓದಿಕೆಗೆ ಸಿಗದಂತೆ ಮಾಡುತ್ತವೆ.

ವೈರಸ್ಸಿನ ಪ್ರತ್ಯುತ್ತರ

ಇಷ್ಟೆಲ್ಲ ತಡೆಗಳಿದ್ದೂ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಈ ವೈರಸ್ಸುಗಳು ಹೇಗೆ ನೆಲೆಯೂರಿವೆ? ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆಯ ವಂಶದ್ರವ್ಯದ ಉದ್ದ ಸುಮಾರು 1,52,000 ಅಕ್ಷರಗಳು. ಕೋವಿಡ್ ವೈರಸ್ಸಿನದು ಸುಮಾರು 30,000. ಈ ಹೆಚ್ಚುವರಿ ಉದ್ದದಲ್ಲಿ ಗಣನೀಯ ಪಾಲು, ನಮ್ಮ ಸಂದೇಶ ವ್ಯವಸ್ಥೆಯನ್ನು ಕೆಡಿಸುವ ಪ್ರೋಟೀನುಗಳಿಗೇ ಮೀಸಲು.

ಐಸಿಪಿ0 ಎಂಬ ಪ್ರೋಟೀನು ಸೋಂಕಿನ ಮೊದಲ ಗಂಟೆಗಳಲ್ಲೇ ತಯಾರಾಗಿ ಪಿಎಂಎಲ್ ಕಾಯಗಳನ್ನು ಹುಡುಕಿ ವಿಘಟನೆಗೆ ಒಪ್ಪಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೋಂಕಿಲ್ಲದ ಕೋಶಕೇಂದ್ರದಲ್ಲಿ ಹೊಳೆಯುವ ಚುಕ್ಕೆಗಳು, ಸೋಂಕು ತಗುಲಿದ ಕೋಶದಲ್ಲಿ ಒಂದೂ ಉಳಿದಿರುವುದಿಲ್ಲ. ಐಸಿಪಿ0 ಇಲ್ಲದಂತೆ ಮಾರ್ಪಡಿಸಿದ ವೈರಸ್ಸು ಇಂಟರ್‌ಫೆರಾನಿನ ಎದುರು ತೀರ ದುರ್ಬಲವಾಗುತ್ತದೆ. ಐಸಿಪಿ34.5 ಎಂಬ ಇನ್ನೊಂದು ಪ್ರೋಟೀನು, ಪಿಕೆಆರ್ ನಿಲ್ಲಿಸಿದ ಪ್ರೋಟೀನ್ ತಯಾರಿಕೆಯನ್ನು ಮತ್ತೆ ಚಾಲೂ ಮಾಡಿಸುತ್ತದೆ. ಐಸಿಪಿ47 ಎಂಬುದು, ಈ ಕೋಶದೊಳಗೆ ವೈರಸ್ಸಿದೆ ಎಂದು ಟಿ ಕೋಶಗಳಿಗೆ ತೋರಿಸುವ ಗುರುತು ಮೇಲ್ಮೈಗೆ ಬರದಂತೆ ತಡೆಯುತ್ತದೆ.

ಕೆಲವು ಹರ್ಪಿಸ್ ವೈರಸ್ಸುಗಳು ಇನ್ನೂ ಮುಂದೆ ಹೋಗಿ, ನಮ್ಮ ಸಂಕೇತ ಅಣುವನ್ನೇ ಕದ್ದು ಬಳಸುತ್ತವೆ. ರೋಗನಿರೋಧಕ ಕೋಶಗಳನ್ನು ಶಾಂತಗೊಳಿಸುವ ಇಂಟರ್‌ಲ್ಯೂಕಿನ್-10 ಎಂಬ ಅಣುವಿನ ವಂಶವಾಹಿಯನ್ನು 1990ರಲ್ಲಿ ಮೊದಲ ಬಾರಿಗೆ ಓದಿದಾಗ, ಎಪ್‌ಸ್ಟೀನ್-ಬಾರ್ ವೈರಸ್ಸಿನ ಒಂದು ವಂಶವಾಹಿ ಅದನ್ನು ಬಹಳವಾಗಿ ಹೋಲುವುದು ಕಂಡುಬಂತು. ಬಹು ಹಿಂದೆ ಯಾವುದೋ ಆಶ್ರಯದಾತ ಪ್ರಾಣಿಯ ವಂಶವಾಹಿಯನ್ನು ವೈರಸ್ ತನ್ನದಾಗಿಸಿಕೊಂಡಿತ್ತು. ಸೈಟೊಮೆಗಲೊ ವೈರಸ್ಸಿಗೂ ತನ್ನದೇ ಇಂಟರ್‌ಲ್ಯೂಕಿನ್-10 ಇದೆ. ಕಪೋಸಿ ಸಾರ್ಕೋಮದ ವೈರಸ್ ಇಂಟರ್‌ಲ್ಯೂಕಿನ್-6ರ ನಕಲನ್ನು ಇಟ್ಟುಕೊಂಡಿದೆ. ಅದು ಬಿ ಕೋಶಗಳಿಗೆ ಬೆಳೆಯಿರಿ ಎಂಬ ಸೂಚನೆ ಕೊಡುತ್ತದೆ, ಆ ಬಿ ಕೋಶಗಳಲ್ಲೇ ವೈರಸ್ ನೆಲೆಸಿರುತ್ತದೆ.

ಎಲ್ಲ ಕೋಶಗಳೂ ಒಂದೇ ಬಗೆಯಲ್ಲ: ಮೆದುಳಿನ ಉದಾಹರಣೆ

ಈ ಕ್ಷೇತ್ರದಲ್ಲಿ ಅತ್ಯಂತ ಮಹತ್ವದ ಪಾಠ ಬಂದದ್ದು ಮಕ್ಕಳ ಕಾಯಿಲೆಯೊಂದರಿಂದ. ತುಟಿಯ ಗುಳ್ಳೆಯ ಇದೇ ವೈರಸ್ ಅಪರೂಪಕ್ಕೆ ಮೆದುಳಿಗೆ ಸೇರಿ ಹರ್ಪಿಸ್ ಮೆದುಳುಜ್ವರ ಉಂಟುಮಾಡುತ್ತದೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಎರಡರಿಂದ ನಾಲ್ಕು ಮಂದಿಗೆ ಬರುವ ಈ ಕಾಯಿಲೆಯಲ್ಲಿ ಜ್ವರ, ತಲೆನೋವು, ವರ್ತನೆಯ ಏರುಪೇರು, ಫಿಟ್ಸ್ ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆ ಇಲ್ಲದಿದ್ದ ಕಾಲದಲ್ಲಿ ಹತ್ತರಲ್ಲಿ ಏಳು ರೋಗಿಗಳು ಸಾಯುತ್ತಿದ್ದರು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನ ನರವೈರಾಣು ವಿಭಾಗದಂಥ ಪ್ರಯೋಗಾಲಯಗಳಲ್ಲಿ ಬೆನ್ನುಹುರಿಯ ದ್ರವವನ್ನು ಪಿಸಿಆರ್ ಪರೀಕ್ಷೆಗೆ ಒಳಪಡಿಸಿ ಇದನ್ನು ಪತ್ತೆಹಚ್ಚುತ್ತಾರೆ. ಅನುಮಾನ ಬಂದ ಕೂಡಲೇ, ವರದಿಗೆ ಕಾಯದೆ, ಅಸೈಕ್ಲೋವಿರ್ ಔಷಧವನ್ನು ರಕ್ತನಾಳಕ್ಕೆ ಕೊಡಲಾರಂಭಿಸುತ್ತಾರೆ.

ಕೋಟ್ಯಂತರ ಮಕ್ಕಳಿಗೆ ತಗುಲುವ ವೈರಸ್ ಬೆರಳೆಣಿಕೆಯ ಮಕ್ಕಳ ಮೆದುಳನ್ನೇ ಏಕೆ ಹೊಗುತ್ತದೆ? ಆ ಮಕ್ಕಳಿಗೆ ಬೇರೆ ಯಾವ ಸೋಂಕೂ ಮಿತಿಮೀರಿ ಬಂದಿರುವುದಿಲ್ಲ, ರಕ್ತಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿ ಸರಿಯಾಗಿಯೇ ಇರುತ್ತದೆ. ಪ್ಯಾರಿಸ್ ಮತ್ತು ನ್ಯೂಯಾರ್ಕಿನಲ್ಲಿ ಕೆಲಸ ಮಾಡುವ ಜಾನ್-ಲೋರಾಂ ಕ್ಯಾಸನೋವಾ ಅವರ ತಂಡ 2006ರಲ್ಲಿ ಇಂಥ ಇಬ್ಬರು ಮಕ್ಕಳಲ್ಲಿ ಯುಎನ್‌ಸಿ93ಬಿ ಎಂಬ ವಂಶವಾಹಿಯ ದೋಷವನ್ನೂ, 2007ರಲ್ಲಿ ಇನ್ನಿಬ್ಬರು ಮಕ್ಕಳಲ್ಲಿ ಟಿಎಲ್‌ಆರ್3ರ ದೋಷವನ್ನೂ ಪತ್ತೆಮಾಡಿತು. ಎರಡೆಳೆಯ ಆರ್‌ಎನ್‌ಎಯನ್ನು ಗುರುತಿಸಿ ಇಂಟರ್‌ಫೆರಾನ್ ತಯಾರಿಸುವ ಸರಣಿಯಲ್ಲೇ ಎರಡೂ ಇವೆ.

ಆದರೆ ಒಂದು ತೊಡಕು ಉಳಿದಿತ್ತು. ಟಿಎಲ್‌ಆರ್3 ದೋಷವಿದ್ದ ಮಕ್ಕಳ ರಕ್ತಕಣಗಳು ಹರ್ಪಿಸ್ ವೈರಸ್ಸಿಗೆ ಸಾಕಷ್ಟು ಇಂಟರ್‌ಫೆರಾನ್ ತಯಾರಿಸುತ್ತಿದ್ದವು. ದೋಷ ಮೆದುಳಿನಲ್ಲಿ ಮಾತ್ರ ಕಾಣಿಸಿಕೊಳ್ಳುವುದೇಕೆ ಎಂಬುದನ್ನು ತಿಳಿಯಲು ಮೆದುಳಿನ ಕೋಶವೇ ಬೇಕು. ಜೀವಂತ ಮಗುವಿನ ಮೆದುಳಿನಿಂದ ಕೋಶ ತೆಗೆಯುವುದು ಆಗದ ಮಾತು. 2012ರಲ್ಲಿ ಪ್ರಕಟವಾದ ಕೆಲಸದಲ್ಲಿ ಸಂಶೋಧಕರು ರೋಗಿಗಳ ಚರ್ಮದ ಕೋಶಗಳನ್ನು, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ನರಕೋಶಗಳನ್ನೂ ಮೆದುಳಿನ ಇತರ ಬಗೆಯ ಕೋಶಗಳನ್ನೂ ಬೆಳೆಸಿದರು. ಅವುಗಳಿಗೆ ಹರ್ಪಿಸ್ ಸೋಂಕು ತಗುಲಿಸಿದಾಗ, ರೋಗಿಯಿಂದ ಬಂದ ನರಕೋಶಗಳಲ್ಲಿ ವೈರಸ್ ಆರೋಗ್ಯವಂತರ ನರಕೋಶಗಳಲ್ಲಿಗಿಂತ ಬಹಳ ಹೆಚ್ಚಾಗಿ ಬೆಳೆಯಿತು. ಆಸ್ಟ್ರೊಸೈಟ್ ಎಂಬ ಆಧಾರಕೋಶಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹೊರಗಿನಿಂದ ಇಂಟರ್‌ಫೆರಾನ್ ಆಲ್ಫಾ ಅಥವಾ ಬೀಟಾ ಕೊಟ್ಟಾಗ ರೋಗಿಯ ನರಕೋಶಗಳೂ ವೈರಸ್ಸನ್ನು ತಡೆದವು. ಲ್ಯಾಮ್ಡಾ ಕೊಟ್ಟರೆ ತಡೆಯಲಿಲ್ಲ.

2018ರಲ್ಲಿ ಇದೇ ಬಗೆಯ ಪ್ರಯೋಗವನ್ನು ಟ್ರೈಜೆಮಿನಲ್ ನರಗಂಟಿನ ಮಾದರಿಯ ನರಕೋಶಗಳ ಮೇಲೆ ಮಾಡಿದಾಗ ಬೇರೆಯದೇ ಚಿತ್ರ ಸಿಕ್ಕಿತು. ಆರೋಗ್ಯವಂತರಿಂದ ಬಂದ ಕೋಶಗಳೂ, ಟಿಎಲ್‌ಆರ್3 ದೋಷವಿರುವವರ ಕೋಶಗಳೂ ಅಷ್ಟೇ ಸುಲಭವಾಗಿ ಸೋಂಕಿಗೆ ಒಳಗಾದವು. ಅಂದರೆ ಮೆದುಳಿನ ಹೊರಪದರದ ನರಕೋಶಗಳಿಗೆ ಇರುವ ಟಿಎಲ್‌ಆರ್3ರ ರಕ್ಷಣೆ, ವೈರಸ್ ಸುಪ್ತವಾಗಿ ಉಳಿಯುವ ನರಗಂಟಿನ ಕೋಶಗಳಿಗೆ ಇಲ್ಲ. ಜನರ ನಡುವೆ ಇಷ್ಟೊಂದು ವ್ಯಾಪಿಸಿರುವ ವೈರಸ್ಸು ನೆಲೆಗಾಗಿ ಆ ಕೋಶವನ್ನೇ ಆರಿಸಿಕೊಂಡಿರುವುದು ಏಕಿರಬಹುದು ಎಂಬುದಕ್ಕೆ ನನಗೆ ಸಿಕ್ಕ ಅತ್ಯಂತ ಸಮರ್ಪಕ ಸುಳಿವು ಇದು.

ನರಕೋಶಗಳ ಇನ್ನೊಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ಚರ್ಮದ ಕೋಶ ಸತ್ತರೆ ಹೊಸದು ಹುಟ್ಟುತ್ತದೆ. ನರಕೋಶ ಸತ್ತರೆ ಸಾಮಾನ್ಯವಾಗಿ ಹುಟ್ಟುವುದಿಲ್ಲ. ಆದುದರಿಂದ ಸೋಂಕಿತ ಕೋಶವನ್ನು ಕೊಂದು ಸೋಂಕು ತೊಲಗಿಸುವ ಸಾಮಾನ್ಯ ವಿಧಾನ ಇಲ್ಲಿ ನಷ್ಟದ ಬಾಬತ್ತು. ಸುಪ್ತ ಸೋಂಕಿರುವ ಮಾನವ ನರಗಂಟುಗಳನ್ನು ಮರಣೋತ್ತರವಾಗಿ ಪರೀಕ್ಷಿಸಿದಾಗ ನರಕೋಶಗಳ ಸುತ್ತ ಸಿಡಿ8 ಎಂಬ ಬಗೆಯ ಟಿ ಕೋಶಗಳು ನೆರೆದಿರುವುದು ಕಂಡಿದೆ. ಇಲಿಗಳಲ್ಲಿ ನಡೆದ ಪ್ರಯೋಗಗಳಂತೆ, ಈ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಸ್ರವಿಸಿಯೂ, ವೈರಸ್ಸಿನ ಐಸಿಪಿ4 ಎಂಬ ಅಗತ್ಯ ಪ್ರೋಟೀನನ್ನು ಕತ್ತರಿಸಿಯೂ, ನರಕೋಶವನ್ನು ಕೊಲ್ಲದೆಯೇ ವೈರಸ್ ಏಳದಂತೆ ನೋಡಿಕೊಳ್ಳಬಲ್ಲವು. ವಯಸ್ಸಾದಂತೆ ಸೀತಾಳೆ ಸಿಡುಬಿನ ವೈರಸ್ಸನ್ನು ಗುರುತಿಸುವ ಟಿ ಕೋಶಗಳು ಕುಗ್ಗುತ್ತವೆ. ಐವತ್ತರ ಬಳಿಕ ಸರ್ಪಸುತ್ತು ಹೆಚ್ಚುವುದಕ್ಕೆ ಇದು ಮುಖ್ಯ ಕಾರಣ.

ಎಬ್ಬಿಸುವ ಸಂದೇಶಗಳು

ಇದುವರೆಗೆ ಹೇಳಿದ್ದರಿಂದ ರೋಗನಿರೋಧಕ ಸಂದೇಶ ಹೆಚ್ಚಿದಷ್ಟೂ ವೈರಸ್ಸಿಗೆ ತೊಂದರೆ ಎನಿಸಬಹುದು. ವಾಸ್ತವ ಹಾಗಿಲ್ಲ. ಜ್ವರ ಬಂದಾಗ, ಬಿಸಿಲಿಗೆ ಮುಖ ಸುಟ್ಟಾಗ ತುಟಿಯಲ್ಲಿ ಗುಳ್ಳೆ ಏಳುವುದನ್ನು ಎಲ್ಲರೂ ಕಂಡಿದ್ದಾರೆ. ಆ ಎರಡೂ ಸಂದರ್ಭಗಳಲ್ಲಿ ದೇಹದಲ್ಲಿ ಹೆಚ್ಚುವ ಅಣುಗಳಲ್ಲಿ ಇಂಟರ್‌ಲ್ಯೂಕಿನ್-1 ಒಂದು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಪ್ತ ಹರ್ಪಿಸ್ ಇದ್ದ ಇಲಿಯ ನರಕೋಶಗಳಿಗೆ ಇಂಟರ್‌ಲ್ಯೂಕಿನ್-1 ಕೊಟ್ಟಾಗ ಆ ನರಕೋಶಗಳ ವಿದ್ಯುತ್ ಚಟುವಟಿಕೆ ಅತಿಯಾಗಿ, ವೈರಸ್ ಎಚ್ಚೆತ್ತುಕೊಂಡಿತು. ಅಪಾಯವನ್ನು ಸಾರುವ ಅಣುವನ್ನೇ ವೈರಸ್ ತನ್ನ ಆಶ್ರಯ ಕಷ್ಟದಲ್ಲಿದೆ, ಹೊರಡುವುದು ಒಳ್ಳೆಯದು ಎಂಬ ಸೂಚನೆಯಾಗಿ ಬಳಸಿಕೊಳ್ಳುತ್ತಿರುವಂತೆ ಇದು ಕಾಣುತ್ತದೆ.

ಸೈಟೊಮೆಗಲೊ ವೈರಸ್ಸಿನಲ್ಲಿ ಇದು ನಡೆಯುವ ಬಗೆ ಇನ್ನೂ ಸ್ಪಷ್ಟವಾಗಿದೆ. ಅದರ ಮೊಟ್ಟಮೊದಲ ವಂಶವಾಹಿಗಳನ್ನು ಚಾಲೂ ಮಾಡುವ ಡಿಎನ್‌ಎ ಭಾಗದಲ್ಲಿ ನಮ್ಮದೇ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನು ಕೂರುವ ಜಾಗಗಳಿವೆ. ಟಿಎನ್‌ಎಫ್ ಎಂಬ ಉರಿಯೂತದ ಅಣು ಕೋಶಕ್ಕೆ ತಾಗಿದಾಗ ಎನ್‌ಎಫ್-ಕಪ್ಪಾಬಿ ಕೋಶಕೇಂದ್ರಕ್ಕೆ ಹೋಗುತ್ತದೆ. ಹೋದದ್ದು ನಮ್ಮ ರಕ್ಷಣೆಯ ವಂಶವಾಹಿಗಳ ಮೇಲೂ ಕೂರುತ್ತದೆ, ವೈರಸ್ಸಿನ ವಂಶವಾಹಿಗಳ ಮೇಲೂ ಕೂರುತ್ತದೆ. ತೀವ್ರ ನಿಗಾ ಘಟಕದಲ್ಲಿರುವ ರೋಗಿಗಳಲ್ಲಿ ಇದರ ಪರಿಣಾಮ ಕಾಣುತ್ತದೆ. ಹಿಂದೆ ಸೈಟೊಮೆಗಲೊ ಸೋಂಕಾಗಿದ್ದು, ಬೇರೆ ರೀತಿಯಲ್ಲಿ ರೋಗನಿರೋಧಕ ಶಕ್ತಿ ಸರಿಯಾಗಿದ್ದ ತೀವ್ರ ಅಸ್ವಸ್ಥರನ್ನು ಗಮನಿಸಿದ, 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿಯ ರಕ್ತದಲ್ಲಿ ವೈರಸ್ ಮತ್ತೆ ಕಾಣಿಸಿಕೊಂಡಿತ್ತು.

ಸಂದೇಶ ನಿಲ್ಲದೆ ಹೋದರೂ ಕೇಡು. ಎಪ್‌ಸ್ಟೀನ್-ಬಾರ್ ಸೋಂಕಿನ ಬೆನ್ನಿಗೆ ಅಪರೂಪವಾಗಿ ಬರುವ ಎಚ್‌ಎಲ್‌ಎಚ್ ಎಂಬ ಕಾಯಿಲೆಯಲ್ಲಿ ಇಂಟರ್‌ಫೆರಾನ್ ಗಾಮಾ ಮಿತಿಮೀರಿ ಸುರಿದು, ದೇಹದ ಭಕ್ಷಕ ಕೋಶಗಳು ರಕ್ತಕಣಗಳನ್ನೇ ನುಂಗತೊಡಗುತ್ತವೆ. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಹರ್ಪಿಸ್ ತಗುಲಿದಾಗ ದೃಷ್ಟಿ ಮಂದವಾಗುವುದರಲ್ಲಿ ವೈರಸ್ಸಿನಷ್ಟೇ ಪಾಲು ಅಲ್ಲಿ ನೆರೆಯುವ ಉರಿಯೂತದ್ದೂ ಇದೆ. ಆದ್ದರಿಂದ ಪದರದ ಒಳಭಾಗಕ್ಕೆ ಇಳಿದ ಕಾಯಿಲೆಗೆ ನೇತ್ರತಜ್ಞರು ವೈರಸ್ ನಿರೋಧಕದ ಜೊತೆಗೆ ಸ್ಟೀರಾಯ್ಡ್ ಹನಿಯನ್ನೂ ಅಳತೆಯರಿತು ಕೊಡುತ್ತಾರೆ. ಇದೇ ಸ್ಟೀರಾಯ್ಡ್ ಹನಿಯನ್ನು ಕಣ್ಣು ಕೆಂಪಾಯಿತೆಂದು ಔಷಧಿ ಅಂಗಡಿಯಿಂದ ತಾವಾಗಿ ತಂದು ಹಾಕಿಕೊಂಡರೆ, ಪದರದ ಮೇಲೆ ಬೆಳೆಯುತ್ತಿರುವ ವೈರಸ್ಸಿಗೆ ತಡೆಯೇ ಇಲ್ಲದಂತಾಗುತ್ತದೆ.

ಸಂದೇಶವನ್ನು ಬೇಕೆಂದೇ ಕರೆಯುವ ಲಸಿಕೆ, ಸಂದೇಶ ಹೊತ್ತ ವೈರಸ್

ಅಸೈಕ್ಲೋವಿರ್‌ನಂಥ ಔಷಧಗಳು ಬೆಳೆಯುತ್ತಿರುವ ವೈರಸ್ಸನ್ನು ಮಾತ್ರ ತಡೆಯುತ್ತವೆ; ಸುಪ್ತವಾಗಿರುವುದನ್ನು ಮುಟ್ಟಲಾರವು. ಹಾಗಾಗಿ ಸರ್ಪಸುತ್ತನ್ನು ದೂರವಿಡಲು ಇರುವ ದಾರಿ ಟಿ ಕೋಶಗಳನ್ನು ಮತ್ತೆ ಹೆಚ್ಚಿಸುವುದು. ಈಗಿನ ಲಸಿಕೆಯಲ್ಲಿರುವುದು ಇಡೀ ವೈರಸ್ ಅಲ್ಲ, ಅದರ ಹೊದಿಕೆಯ ಒಂದು ಪ್ರೋಟೀನು ಮಾತ್ರ. ಬರಿಯ ಪ್ರೋಟೀನನ್ನು ಚುಚ್ಚಿದರೆ ದೇಹ ಅಷ್ಟಾಗಿ ಗಮನ ಕೊಡುವುದಿಲ್ಲವಾದ್ದರಿಂದ ಅದರೊಡನೆ ಎರಡು ಸಹಾಯಕ ವಸ್ತುಗಳನ್ನು ಬೆರೆಸುತ್ತಾರೆ: ಒಂದು, ಬ್ಯಾಕ್ಟೀರಿಯಾದ ಹೊರಕವಚದಿಂದ ತೆಗೆದು ಸೌಮ್ಯಗೊಳಿಸಿದ ಕೊಬ್ಬಿನ ಅಣು, ಇನ್ನೊಂದು, ಚಿಲಿ ದೇಶದ ಕ್ವಿಲಾಯಾ ಮರದ ತೊಗಟೆಯ ಸಾರ. ಇವು ಚುಚ್ಚಿದ ಜಾಗದಲ್ಲಿ ಸೈಟೊಕೈನುಗಳು ಹೊರಡುವಂತೆ ಮಾಡುತ್ತವೆ. ಲಸಿಕೆ ಹಾಕಿಸಿಕೊಂಡವರಿಗೆ ಒಂದೆರಡು ದಿನ ತೋಳು ನೋವು, ಮೈಕೈ ನೋವು, ಸಣ್ಣ ಜ್ವರ ಬರುವುದು ಈ ಸಂದೇಶಗಳಿಂದ. ಐವತ್ತು ದಾಟಿದ ಸುಮಾರು 15,000 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಲಸಿಕೆ ಸರ್ಪಸುತ್ತನ್ನು ಶೇಕಡಾ 97ರಷ್ಟು ತಡೆಯಿತು. ಇದರಲ್ಲಿ ಜೀವಂತ ವೈರಸ್ ಇಲ್ಲದ ಕಾರಣ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರಿಗೂ ಕೊಡಬಹುದು.

ಇನ್ನೊಂದು ಬಳಕೆ ಅನಿರೀಕ್ಷಿತ ದಿಕ್ಕಿನಿಂದ ಬಂದಿದೆ. ಬಹಳಷ್ಟು ಕ್ಯಾನ್ಸರ್ ಕೋಶಗಳು ಬೆಳೆಯುವ ಭರದಲ್ಲಿ ತಮ್ಮ ಇಂಟರ್‌ಫೆರಾನ್ ವ್ಯವಸ್ಥೆಯನ್ನು ಕಳೆದುಕೊಂಡಿರುತ್ತವೆ. ಹರ್ಪಿಸ್ ಸಿಂಪ್ಲೆಕ್ಸಿನಿಂದ ಐಸಿಪಿ34.5 ತೆಗೆದುಹಾಕಿದರೆ ಆ ವೈರಸ್ ಆರೋಗ್ಯವಂತ ಕೋಶದಲ್ಲಿ ಪಿಕೆಆರ್ ಒಡ್ಡುವ ತಡೆಯನ್ನು ದಾಟಲಾರದು, ಆದರೆ ಆ ತಡೆ ಸಡಿಲವಾಗಿರುವ ಕ್ಯಾನ್ಸರ್ ಕೋಶದಲ್ಲಿ ಬೆಳೆದು ಅದನ್ನು ಒಡೆಯುತ್ತದೆ. ಚರ್ಮದ ಮೆಲನೋಮ ಕ್ಯಾನ್ಸರಿಗೆ 2015ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಟಿ-ವೆಕ್ ಎಂಬ ಚಿಕಿತ್ಸೆ ಇಂಥ ವೈರಸ್. ಅದರಲ್ಲಿ ಐಸಿಪಿ34.5 ಇದ್ದ ಜಾಗಕ್ಕೆ ಮನುಷ್ಯರ ಒಂದು ಸೈಟೊಕೈನಿನ ವಂಶವಾಹಿಯನ್ನು ಸೇರಿಸಿದ್ದಾರೆ; ಐಸಿಪಿ47ನ್ನೂ ತೆಗೆದಿದ್ದಾರೆ. ಹೀಗಾಗಿ ವೈರಸ್ ಗಡ್ಡೆಯೊಳಗೆ ಬೆಳೆಯುವಾಗ ಜಿಎಂ-ಸಿಎಸ್‌ಎಫ್ ಎಂಬ ಆ ಸೈಟೊಕೈನನ್ನು ತಾನೇ ಹೊರಸೂಸಿ ರೋಗನಿರೋಧಕ ಕೋಶಗಳನ್ನು ಗಡ್ಡೆಯ ಬಳಿಗೆ ಕರೆಯುತ್ತದೆ. ಜಪಾನಿನಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ತೋಮೊಕಿ ತೋಡೊ ಅವರು ರೂಪಿಸಿದ, ಇದೇ ವೈರಸ್ಸಿನ ಮೂರು ವಂಶವಾಹಿಗಳನ್ನು ಕೆಡಿಸಿ ತಯಾರಿಸಿದ ಚಿಕಿತ್ಸೆಗೆ 2021ರಲ್ಲಿ ಮೆದುಳಿನ ಗ್ಲಿಯೋಮ ಗಡ್ಡೆಗೆಂದು ಷರತ್ತುಬದ್ಧ ಅನುಮತಿ ದೊರೆಯಿತು, ಮತ್ತು ಅಲ್ಲಿ ಅದನ್ನು ಶಸ್ತ್ರಚಿಕಿತ್ಸಕರು ನೇರವಾಗಿ ಗಡ್ಡೆಯೊಳಕ್ಕೇ ಚುಚ್ಚುತ್ತಾರೆ.